ಪ್ರೊಸೆಸರ್ ಆರಿಸಿದ ದಿನಗಳು

ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆಯಲ್ಲಿ ಸಂಜೆ ಬಹಳ ಉದ್ದ. ಚನ್ನರಾಯಪಟ್ಟಣದ ಆ ಮನೆಯಲ್ಲಿ ಇದ್ದವರು ಇಬ್ಬರೇ, ಸಮತಾ ಮತ್ತು ಅವಳ ತಾಯಿ ರಾಜೀಮತಿ. ಊಟವಾದ ಮೇಲೆ ತಾಯಿ ಬಸದಿಗೆ ಹೋಗಿಬಂದು ಜಪಕ್ಕೆ ಕೂರುತ್ತಿದ್ದರು. ಸಮತಾ ತನ್ನ ಕೋಣೆ ಸೇರಿ, ಕಂಪ್ಯೂಟರ್ ಹಾಕಿ, ಲಾರಿ ಓಡಿಸುತ್ತಿದ್ದಳು.

ಆಟದ ಲಾರಿ. ಎಂದೂ ಕಾಣದ ದೇಶಗಳ ರಸ್ತೆಗಳಲ್ಲಿ ಸರಕು ಹೇರಿಕೊಂಡು ಹೋಗುವ ಆಟ ಅದು. ಮದುವೆ ಮುರಿದು ತವರಿಗೆ ಬಂದ ವರ್ಷ ಹೊತ್ತು ಕಳೆಯಲೆಂದು ಹಿಡಿದದ್ದು, ಆಮೇಲೆ ಬಿಡಲಾಗಲಿಲ್ಲ. ಹಗಲೆಲ್ಲ ಪೇಟೆಯ ಅಂಗಡಿಗಳ ಜಿಎಸ್‌ಟಿ ಕೆಲಸ ಮಾಡುವವಳಿಗೆ ಮಾತಾಡಲು ಸಿಗುತ್ತಿದ್ದವರು ವ್ಯಾಪಾರಿಗಳು, ಇಲ್ಲವೇ ಅಮ್ಮ. ಸ್ನೇಹಲತಾ ಸಿಕ್ಕಿದ್ದು ಆ ಆಟದಲ್ಲಿ.

ಸ್ನೇಹಲತಾ ಹೊಳೆನರಸೀಪುರದ ಸೊಸೆ, ಸಮತಾಳಿಗಿಂತ ಏಳೆಂಟು ವರ್ಷ ಚಿಕ್ಕವಳು. ಒಬ್ಬರ ಹಿಂದೆ ಒಬ್ಬರು ಲಾರಿ ಬಿಟ್ಟುಕೊಂಡು, ಹೆಡ್‌ಫೋನಿನಲ್ಲಿ ಹರಟುತ್ತ ಹೋಗುತ್ತಿದ್ದರು. ಸ್ನೇಹಲತಾಳ ಕಂಪ್ಯೂಟರ್ ಗಟ್ಟಿಯಾದದ್ದು. ಅದರಿಂದ ಅವಳು ಎಲ್ಲವನ್ನೂ ಯೂಟ್ಯೂಬಿನಲ್ಲಿ ಲೈವ್ ಬಿಡುತ್ತಿದ್ದಳು. ನೋಡುವವರು ಹೆಚ್ಚಿಲ್ಲ. ಹೆಂಗಸರಿಬ್ಬರು ಹಿಮದ ಘಾಟಿ ಇಳಿಯುತ್ತ ಉಪ್ಸಾರಿನ ಮಾತಾಡುವುದನ್ನು ಕೇಳಲೆಂದೇ ಬರುವ ಒಂದಿಷ್ಟು ಜನ. ಎರಡು ವರ್ಷದ ಈ ಗೆಳೆತನದಲ್ಲಿ ಇಬ್ಬರೂ ಒಮ್ಮೆಯೂ ಮುಖಾಮುಖಿ ಆಗಿರಲಿಲ್ಲ.

ಸ್ನೇಹಲತಾ ಬಾಣಂತನಕ್ಕೆ ಅರಕಲಗೂಡಿನ ತವರಿಗೆ ಹೋದಳು. ಮಗುವನ್ನು ಎತ್ತಿಕೊಂಡು ಗಂಡನ ಮನೆಗೆ ವಾಪಸು ಬಂದಾಗ ಕಂಪ್ಯೂಟರ್ ಅದರ ಜಾಗದಲ್ಲಿರಲಿಲ್ಲ. ಗಂಡನ ಗೊಬ್ಬರದ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಯೂರಿಯಾ ಮೂಟೆಗಳಿಗೆ ಬಿಲ್ಲು ಹಾಕುತ್ತಿತ್ತು.

"ಕೂಸು ನೋಡ್ಕಳದು ಬಿಟ್ಟು ಲಾರಿ ಓಡಿಸ್ತೀಯಾ ಅಂದ್ರು ಮನೇಲಿ ಕಣಕ್ಕ," ಎಂದು ಫೋನಿನಲ್ಲಿ ನಕ್ಕಳು. "ಅದೂ ಸರಿನೇ ಬುಡು."

ಆ ನಗುವನ್ನು ಸಮತಾ ನಂಬಲಿಲ್ಲ. ಅದಾದ ಮೇಲೆ ಫೋನುಗಳು ಕಡಿಮೆಯಾದವು. 'ಹೇಗಿದ್ದೀಯ' ಎಂದರೆ 'ಚೆನ್ನಾಗಿದೀನಿ', 'ಊಟ ಆಯ್ತಾ' ಎಂದರೆ 'ಆಯ್ತು'. ಅಷ್ಟಕ್ಕೆ ಮಾತು ಮುಗಿದುಹೋಗುತ್ತಿತ್ತು.

ಕೆಲವು ತಿಂಗಳು ಒಬ್ಬಳೇ ಓಡಿಸಿದ ಮೇಲೆ, ತಾನೇ ಲೈವ್ ಬಿಡೋಣವೆಂದು ಸಮತಾ ಹೊರಟಳು. ಆಟ ಶುರುವಾಗಿ ಹತ್ತು ನಿಮಿಷಕ್ಕೇ ಕಂಪ್ಯೂಟರ್ ಏದುಸಿರು ಬಿಟ್ಟಿತು. ರಸ್ತೆ ಕುಪ್ಪಳಿಸಿತು, ಲಾರಿ ನಿಂತು ನಿಂತು ಹಾರಿತು. ಹಳೆಯ ಲೈವ್‌ಗಳಿಗೆ ಬರುತ್ತಿದ್ದವರಲ್ಲಿ ಒಬ್ಬರು ಬರೆದರು: 'ಅಕ್ಕ, ನಿಮ್ಮ ಮಾತು ತುಂಡು ತುಂಡಾಗಿ ಬರ್ತಿದೆ. ಏನೂ ಅರ್ಥ ಆಗ್ತಿಲ್ಲ.'

ಮರುದಿನ ಮಧ್ಯಾಹ್ನ ಸಮತಾ ಸ್ನೇಹಲತಾಳಿಗೆ ಫೋನು ಮಾಡಿದಳು. "ಆಟನೂ ಆಡಬೇಕು, ಲೈವೂ ಬಿಡಬೇಕು. ಯಾವ ಪ್ರೊಸೆಸರ್ ತಗೊಳ್ಳಲಿ?"

ಆ ಕಡೆಯಿಂದ ಹಳೆಯ ಸ್ನೇಹಲತಾಳ ದನಿ ಬಂತು. "ಇರು, ಕೂಸನ್ನ ಮಲಗಿಸ್ಬುಟ್ಟು ಬತ್ತೀನಿ. ಇಡಬ್ಯಾಡ!"

ಬಂದವಳು ಒಂದೇ ಉಸಿರಿಗೆ ಶುರುಮಾಡಿದಳು. "ನಿಂದು ನಾಲ್ಕೇ ಕೋರಿಂದು ಕಣಕ್ಕ. ಕೋರು ಅಂದ್ರೆ ಆಳು ಅನ್ಕೊ. ಆಟ ಅಂದ್ರೆ ಒಬ್ಬಿಬ್ರು ಗಟ್ಟಿ ಆಳು ಬಿರುಸಾಗಿ ಮಾಡೋ ಕೆಲ್ಸ. ಲೈವು ನಾಟಿ ಹಾಕ್ದಂಗೆ, ಸಾಲಾಗಿ ಆಳು ನಿಂತ್ರೇನೇ ಆಗದು. ನಿನ್ನ ನಾಲ್ಕು ಆಳು ಅತ್ಲಾಗೂ ಓಡ್ಬೇಕು, ಇತ್ಲಾಗೂ ಓಡ್ಬೇಕು. ಸುಸ್ತಾಗ್ದೆ ಇನ್ನೇನು?"

"ಲೈವ್ ಕೆಲಸ ಗ್ರಾಫಿಕ್ಸ್ ಕಾರ್ಡಿಗೆ ವಹಿಸಬಹುದು ಅಂತಾರಲ್ಲ?"

"ಹೊಸ ಕಾರ್ಡಾಗಿದ್ರೆ ವಹಿಸ್ಬೋದು. ನಿಂದು ಮುದಿ ಎತ್ತು. ಎಲ್ಲಾ ಪ್ರೊಸೆಸರೇ ಹೊರಬೇಕು."

ಅಂದಿನಿಂದ ಮಧ್ಯಾಹ್ನ ಕೂಸು ಮಲಗುವ ಹೊತ್ತು ಇವರದಾಯಿತು. ಆರು ಕೋರಿನದು ಸಾಕೇ, ಎಂಟರದು ಬೇಕೇ? ಮದರ್‌ಬೋರ್ಡೂ ಬದಲಿಸಬೇಕಾಗುವುದಾದರೆ ಈಗಿರುವ ರ್‍ಯಾಮ್ ಗತಿ ಏನು? ಆಟಕ್ಕೆಂದೇ ಒಳಗೆ ಹೆಚ್ಚು ಕ್ಯಾಶ್ ಮೆಮೊರಿ ಇಟ್ಟು ಮಾಡಿದ ಪ್ರೊಸೆಸರ್ ಕೊಂಡರೆ ಲೈವಿಗೂ ಒದಗುವುದೇ? ಸ್ನೇಹಲತಾ ಪ್ರತಿಯೊಂದಕ್ಕೂ ಉತ್ತರ ಹುಡುಕಿಟ್ಟುಕೊಂಡಿರುತ್ತಿದ್ದಳು. ನಡುನಡುವೆ ಮಗುವಿನ ಮಾತು ಬರುತ್ತಿತ್ತು, ಅರಕಲಗೂಡಿನ ಮನೆಯ ಮಾತು ಬರುತ್ತಿತ್ತು. ಗಂಡ ಒಳ್ಳೆಯವನೇ, ಆದರೆ ಊಟಕ್ಕೆ ಕೂತಾಗಲೂ ಫೋನು ನೋಡುತ್ತಾನೆ ಎಂಬ ಮಾತೂ ಒಂದು ದಿನ ಬಂತು. ತನಗೂ ಗೋಡೆಯ ಜೊತೆ ಊಟ ಮಾಡಿದ ದಿನಗಳಿದ್ದವೆಂದು, ಯಾರಿಗೂ ಹೇಳದ ತನ್ನ ಮದುವೆಯ ಸಂಗತಿಯನ್ನು ಸಮತಾ ಅಂದು ಹೇಳಿದಳು.

ನಿಜಕ್ಕೂ ಎಂಟು ಕೋರಿನದೇ ಸರಿಯೆಂದು ಸಮತಾಳಿಗೆ ಮೊದಲ ವಾರದಲ್ಲೇ ತಿಳಿದುಹೋಗಿತ್ತು. ಆದರೂ ದಿನಕ್ಕೊಂದು ಅನುಮಾನ ಹುಟ್ಟಿಸಿಕೊಂಡಳು. ಕೊಂಡುಬಿಟ್ಟರೆ ಕೇಳಲು ಏನು ಉಳಿಯುತ್ತದೆ?

ಕೊನೆಗೆ ಸ್ನೇಹಲತಾಳೇ ಹೇಳಿದಳು. "ಅತ್ತೆಗೆ ಕಣ್ಣು ತೋರ್ಸಕ್ಕೆ ಗುರುವಾರ ಆಸನಕ್ಕೆ ಬತ್ತೀವಿ. ನೀನೂ ಬಾರಕ್ಕ. ನಿಂತು ಕೊಡಿಸ್ತೀನಿ."

ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಸಮತಾಳ ಕಣ್ಣು ತಾನು ಕಲ್ಪಿಸಿಕೊಂಡಿದ್ದ ಎತ್ತರದ, ದಪ್ಪ ದನಿಯ ಹೆಂಗಸನ್ನು ಹುಡುಕುತ್ತಿತ್ತು. ಬಂದವಳು ಕುಳ್ಳಗೆ, ಬಡಕಲಾಗಿ, ಹೆಗಲ ಮೇಲೆ ಮಗು ಹಾಕಿಕೊಂಡಿದ್ದಳು. ಪಕ್ಕದಲ್ಲಿ ಅತ್ತೆ ಪಾರ್ವತಮ್ಮ, ಆಸ್ಪತ್ರೆಯಲ್ಲಿ ಔಷಧಿ ಬಿಟ್ಟಿದ್ದರಿಂದ ಎಲ್ಲವನ್ನೂ ಕಣ್ಣು ಮಿಟುಕಿಸಿ ನೋಡುತ್ತಿದ್ದರು. ನೋಡಿದ ಕೂಡಲೇ ಇಬ್ಬರೂ ತಬ್ಬಿಕೊಳ್ಳುತ್ತೇವೆಂದು ಸಮತಾ ಅಂದುಕೊಂಡಿದ್ದಳು. ಇಬ್ಬರೂ ನಾಚಿ ನಿಂತರು.

"ಬಸ್ಸು ಸಿಕ್ತಾ?" ಎಂದಳು ಸ್ನೇಹಲತಾ.

"ಸಿಕ್ತು."

ಕಂಪ್ಯೂಟರ್ ಅಂಗಡಿಯೊಳಗೆ ಕಾಲಿಟ್ಟ ಮೇಲೆಯೇ ಸ್ನೇಹಲತಾ ಸ್ನೇಹಲತಾಳಾದದ್ದು. ಅಂಗಡಿಯ ಗೌರೀಶ ಗಾಜಿನ ಕಪಾಟಿನಿಂದ ದೊಡ್ಡ ಡಬ್ಬಿಯೊಂದನ್ನು ತೆಗೆದು, "ಮೇಡಂ, ಗೇಮಿಂಗಿಗೆ ಇದ್ರ ಮುಂದೆ ಇನ್ನೊಂದಿಲ್ಲ," ಎಂದ. ಅವಳು ಮಗುವನ್ನು ಸಮತಾಳ ಕೈಗೆ ಕೊಟ್ಟು, ಡಬ್ಬಿ ತಿರುಗಿಸಿ ಓದಿ, ಅದು ಇವರ ಕೆಲಸಕ್ಕೆ ಅತಿಯಾಯಿತೆಂದಳು. ಎಂಟು ಕೋರಿನದನ್ನು ತೆಗೆಸಿದಳು. ಇದಕ್ಕೆ ಹೊಂದುವ ಮದರ್‌ಬೋರ್ಡ್ ಯಾವುದು, ತಂಪಾಗಿಡಲು ಫ್ಯಾನ್ ಯಾವುದು ಎಂದೆಲ್ಲ ಅವಳೂ ಗೌರೀಶನೂ ಕಪಾಟಿಗೆ ಆತುಕೊಂಡು ಮಾತಾಡಿದರು. ಮಗು ಸಮತಾಳ ಕಿವಿಯ ಓಲೆ ಹಿಡಿದು ಎಳೆಯಿತು. ಸ್ನೇಹಲತಾಳ ಕಣ್ಣು ಹೊಳೆಯುವುದನ್ನು ಸಮತಾ ಸುಮ್ಮನೆ ನೋಡುತ್ತ ನಿಂತಳು.

ಗೌರೀಶ ಸಾಮಾನು ಕಟ್ಟಲು ಒಳಗೆ ಹೋದಾಗ ಸ್ನೇಹಲತಾ ಮೆಲ್ಲಗೆ ಕೇಳಿದಳು. "ಅಕ್ಕ, ಇದೇ ಬೇಕು ಅಂತ ನಿಂಗೆ ಮೊದ್ಲೇ ಗೊತ್ತಿತ್ತು, ಅಲ್ವಾ?"

ಸಮತಾಳಿಗೆ ಸುಳ್ಳು ಹೇಳಲಾಗಲಿಲ್ಲ. "ಗೊತ್ತಿತ್ತು."

"ನಿಂಗೆ ಗೊತ್ತಾಗೈತೆ ಅಂತ ನಂಗೂ ಗೊತ್ತಿತ್ತು. ಸುಮ್ನಿದ್ದೆ."

ಹೊರಗೆ ಬೆಂಚಿನ ಮೇಲೆ ಕೂತಿದ್ದ ಪಾರ್ವತಮ್ಮ ಕೂಗಿದರು. "ಬಾರೇ, ಬಸ್ಸು ಓಗ್ಬುಟ್ಟಾತು!"

ಸ್ನೇಹಲತಾ ಮಗುವನ್ನು ತೆಗೆದುಕೊಂಡಳು. ಬಸ್ಸು ಹತ್ತುವ ಮುನ್ನ ತಿರುಗಿ, "ಫ್ಯಾನು ಸರಿಯಾಗಿ ಕೂತೈತಾ ನೋಡ್ಕೋ," ಎಂದಳು. ಬೇರೆ ಏನೋ ಹೇಳಲಿದ್ದಳೆಂದು ಸಮತಾಳಿಗೆ ಅನ್ನಿಸಿತು.

ಹೊಸ ಪ್ರೊಸೆಸರ್ ಕೂತ ಮೇಲೆ ಲಾರಿ ಎಣ್ಣೆಯ ಮೇಲೆ ಜಾರಿದಂತೆ ಓಡಿತು. ಮಾತು ಎಲ್ಲಿಯೂ ಮುರಿಯಲಿಲ್ಲ. 'ಈಗ ಸ್ಪಷ್ಟವಾಗಿ ಕೇಳ್ತಿದೆ ಅಕ್ಕ' ಎಂದು ನೋಡುವವರು ಬರೆದರು. ಆದರೆ ಮಾತಾಡಲು ಹೊರಟರೆ ಸಮತಾಳಿಗೆ ಮಾತೇ ಹೊಳೆಯಲಿಲ್ಲ. ಸುಮಾರು ಹೊತ್ತು ಎಂಜಿನಿನ ಸದ್ದೇ ಹೋಗುತ್ತಿತ್ತು. ಅಂಥ ಹೊತ್ತಿನಲ್ಲಿ ನೋಡುವವರು ಒಬ್ಬೊಬ್ಬರೇ ಎದ್ದುಹೋಗುತ್ತಿದ್ದರು.

ಮಧ್ಯಾಹ್ನದ ಫೋನು ನಿಂತಿತು. ಒಂದು ವಾರ ತಡೆದು, ಇನ್ನೊಂದು ವಾರ ತಡೆದು, ಕೊನೆಗೆ ಸಮತಾಳೇ ಮಾಡಿದಳು.

"ಏನಕ್ಕ, ಏನಾರಾ ಕೆಟ್ಟೋಯ್ತಾ?" ಸ್ನೇಹಲತಾಳ ದನಿಯಲ್ಲಿ ಗಾಬರಿಯೂ ಇತ್ತು, ಆಸೆಯೂ ಇತ್ತು.

ಕೆಟ್ಟಿದೆ ಎನ್ನುವುದು ಸುಲಭವಿತ್ತು. ಇನ್ನೊಂದು ತಿಂಗಳ ಮಾತಿಗೆ ಸಾಕಾಗುತ್ತಿತ್ತು.

"ಇಲ್ಲ ಕಣೇ. ಏನೂ ಕೆಟ್ಟಿಲ್ಲ," ಎಂದಳು ಸಮತಾ. "ಸುಮ್ಮನೆ ಮಾಡಿದೆ."

ಆ ಕಡೆ ಮಗು ಪಾತ್ರೆಯೊಂದನ್ನು ಬಡಿಯುವುದು ಕೇಳುತ್ತಿತ್ತು. ಅತ್ತೆ ಯಾವುದಕ್ಕೋ ಕರೆದರು. ಸ್ನೇಹಲತಾ "ಬಂದೆ" ಎಂದಳು, ಆದರೆ ಫೋನು ಇಡಲಿಲ್ಲ. ಸಮತಾಳೂ ಇಡಲಿಲ್ಲ.