ಜಲಪಾತದ ಎದುರಿನ ಹುಣಸೆಮರ

ನಳದುರ್ಗದ ಕೋಟೆಯೊಳಗಿನ ಜಲಪಾತದ ಮಾತು ಬಂದರೆ ದಾಳಿಂಬ ಎಂಬ ಊರಿನಲ್ಲಿ ಎಲ್ಲರೂ ಗುರುನಾಥನ ಕಡೆಗೇ ನೋಡುತ್ತಿದ್ದರು. ಊರಿಗೆ ಬೀಗರು ಬಂದಿರಲಿ, ಹೊಸದಾಗಿ ಮದುವೆಯಾದ ಜೋಡಿ ಇರಲಿ, ಅಲ್ಲಿಗೆ ಹೋಗುವವರು ಮೊದಲು ಅವನನ್ನು ಕೇಳಿಕೊಂಡೇ ಹೊರಡುತ್ತಿದ್ದರು. ಅವನೂ ಬೇಸರವಿಲ್ಲದೆ ಹೇಳುತ್ತಿದ್ದ. ಬೋರಿ ನದಿಗೆ ಕಟ್ಟಿದ ಹಳೆಯ ಒಡ್ಡು ತುಂಬಿದಾಗ ಮಾತ್ರ ಅದು ಧುಮುಕುತ್ತದೆ; ಒಂದು ಧಾರೆ ನರ, ಅಂದರೆ ಗಂಡು, ಇನ್ನೊಂದು ಮಾದಿ, ಅಂದರೆ ಹೆಣ್ಣು; ಎದುರಿಗೆ ಒಂದು ದೊಡ್ಡ ಹುಣಸೆಮರವಿದೆ, ಅದರ ಕೆಳಗೆ ಕುಳಿತು ಬುತ್ತಿ ಬಿಚ್ಚಿದರೆ ನೀರಿನ ಹನಿ ಹಾರಿ ಬಂದು ರೊಟ್ಟಿಯ ಮೇಲೆ ಬೀಳುತ್ತದೆ. ಕೊನೆಯ ಮಾತು ಹೇಳುವಾಗ ಅವನು ಅಂಗೈ ಚಾಚುತ್ತಿದ್ದ. ಕೇಳುವವರು ಆ ಅಂಗೈಯನ್ನೇ ನೋಡುತ್ತಿದ್ದರು.

ಗುರುನಾಥ ಆ ಜಲಪಾತವನ್ನು ನೋಡಿಯೇ ಇರಲಿಲ್ಲ.

ಉಮರ್ಗಾದ ಕಾಲೇಜಿನಲ್ಲಿ ಓದುವಾಗ ಅವನ ಗೆಳೆಯರು ಹೋಗಿ ಬಂದಿದ್ದರು. ಆ ದಿನ ಅಪ್ಪನಿಗೆ ಜ್ವರ, ಗುರುನಾಥ ಕುರಿ ಹೊಡೆದುಕೊಂಡು ಅಡವಿಗೆ ಹೋಗಬೇಕಾಯಿತು. ಮುಂದೆ ಮದುವೆಯಾಯಿತು. ನಿಲಂಗಾ ಕಡೆಯಿಂದ ಬಂದ ಅನುಸೂಯಾ ಒಂದು ತಿಂಗಳು ಬಾಯಿ ಬಿಡಲಿಲ್ಲ. ಅವಳು ತಾನಾಗಿ ಕೇಳಿದ ಮೊದಲ ಪ್ರಶ್ನೆ ಎಂದರೆ, ನೀವು ಎಲ್ಲೆಲ್ಲಿ ತಿರುಗಾಡಿ ಬಂದಿದ್ದೀರಿ ಎಂಬುದು. ಉಮರ್ಗಾ ಮತ್ತು ಉದಗೀರದ ಕುರಿಸಂತೆ ಎಂದು ಹೇಳಲು ಅವನಿಗೆ ಮನಸ್ಸು ಬರಲಿಲ್ಲ. ಗೆಳೆಯರು ಹೇಳಿದ್ದನ್ನೆಲ್ಲ ತಾನೇ ಕಂಡವನ ಹಾಗೆ ಹೇಳಿದ. ಹುಣಸೆಮರ ಮಾತ್ರ ಅವನ ಸ್ವಂತದ್ದು. ಅನುಸೂಯಾ ಕಣ್ಣರಳಿಸಿ ಕೇಳಿದಳು, ಮರುದಿನ ನೀರಿಗೆ ಹೋದಾಗ ನೆರೆಯವರಿಗೆ ಹೇಳಿದಳು, ಅಲ್ಲಿಂದ ಅದು ಊರಿನ ಮಾತಾಯಿತು.

ಇಪ್ಪತ್ತೆಂಟು ವರ್ಷ ಹೀಗೆಯೇ ನಡೆಯಿತು. ಹೋಗಿ ಬಂದವರು ಮರ ಕಾಣಲಿಲ್ಲವೆಂದರೆ, ನೀವು ಆ ಕಡೆ ಇಳಿದಿರಲಿಕ್ಕಿಲ್ಲ ಎನ್ನುತ್ತಿದ್ದ. ಹೆಂಡತಿಯನ್ನು ಅಲ್ಲಿಗೆ ಕರೆದೊಯ್ದರೆ ಬಣ್ಣ ಬಯಲಾದೀತೆಂದು ಪ್ರತಿ ಮಳೆಗಾಲಕ್ಕೂ ಒಂದು ನೆಪ ಸಿದ್ಧವಿರುತ್ತಿತ್ತು. ಈ ಸಲ ನೀರಿಲ್ಲ, ಈ ಸಲ ಕೆಸರು ಬಹಳ, ಈ ಸಲ ಕುರಿಗಳಿಗೆ ಸೂಜಿ ಹಾಕಿಸಬೇಕು.

ಈ ವರ್ಷ ಮಾತ್ರ ಮನೆಯಲ್ಲಿ ಸ್ವಪ್ನಾಲಿ ಇದ್ದಳು. ಗುರುನಾಥನ ಮಗ ಮನೋಜ ಉಮರ್ಗಾ–ಯೆಣೆಗೂರ ನಡುವೆ ಆಟೋ ಓಡಿಸುತ್ತಿದ್ದ; ಅವನ ಹೆಂಡತಿ ಈಕೆ. ಉದಗೀರದ ಹುಡುಗಿ, ಬಿ.ಎ. ಓದಿದವಳು. ಮನೆಗೆ ಸಕ್ಕರೆ ತರಬೇಕಾದರೂ ವಹಿಯಲ್ಲಿ ಬರೆದುಕೊಳ್ಳುವ ಸ್ವಭಾವ. ಎರಡೂ ಧಾರೆ ಧುಮುಕುತ್ತಿರುವುದನ್ನು ಅವಳು ಒಂದು ಮುಂಜಾನೆ ಮೊಬೈಲಿನಲ್ಲಿ ನೋಡಿ, ಭಾನುವಾರ ಎಲ್ಲರೂ ಹೋಗೋಣವೆಂದಳು. ಕುರಿ ಯಾರು ಕಾಯಬೇಕು ಎಂದು ಗುರುನಾಥ ಕೇಳಿದ. ಕಟ್ಟೆಯ ಮೇಲೆ ಕುಳಿತಿದ್ದ ಅವನ ತಮ್ಮ ಅಮೋಘಸಿದ್ಧ, ತಾನು ಕಾಯುತ್ತೇನೆ, ಅಣ್ಣ ಹೋಗದಿದ್ದರೆ ಇವರಿಗೆ ದಾರಿ ತೋರಿಸುವವರು ಯಾರು ಎಂದುಬಿಟ್ಟ. ತಮ್ಮನ ಈ ಉಪಕಾರಕ್ಕೆ ಗುರುನಾಥ ಎರಡು ದಿನ ಅವನೊಡನೆ ಮಾತಾಡಲಿಲ್ಲ.

ಅಂದು ಸಂಜೆಯೇ ಸ್ವಪ್ನಾಲಿ ವಹಿ ಹಿಡಿದು ಮಾವನ ಎದುರು ಕುಳಿತಳು.

"ಮಾಮಾ, ಕೆಳಗ ಇಳಿಲಿಕ್ಕ ಪಾಯರಿ ಎಷ್ಟ ಅವ್ರಿ? ಅತ್ತಿಯವ್ರ ಮೊಣಕಾಲ ನೋವ ಅದ."

ಗುರುನಾಥ ನಲವತ್ತು ಮೆಟ್ಟಿಲು ಎಂದ. ಅವಳು ಬರೆದುಕೊಂಡಳು. ಹಿಡಿದುಕೊಳ್ಳಲು ಕಂಬಿ ಇದೆಯೇ ಎಂದು ಕೇಳಿದಳು, ಇದೆ ಎಂದ. ಮಂಗಗಳು? ಇವೆ, ಆದರೆ ಸಾಧು. ಬಿಸಿಲು ಯಾವ ಕಡೆಯಿಂದ ಬೀಳುತ್ತದೆ? ಅದಕ್ಕೂ ಉತ್ತರ ಕೊಟ್ಟ. ಅವಳು ಮೊಬೈಲು ತೆಗೆದು, ಇದರಲ್ಲಿ ಹುಣಸೆಮರ ಕಾಣುತ್ತಿಲ್ಲವಲ್ಲ ಎಂದಾಗ, ಇದನ್ನು ಆ ಕಡೆಯಿಂದ ತೆಗೆದಿದ್ದಾರೆ ಎಂದ. ಚಹಾ ಮುಗಿಯುವಷ್ಟರಲ್ಲಿ ಎರಡು ಪುಟ ತುಂಬಿದವು. ತನ್ನ ಸುಳ್ಳು ಇಷ್ಟು ಚೆಂದದ ಅಕ್ಷರದಲ್ಲಿ ಕಾಗದಕ್ಕೆ ಇಳಿದದ್ದನ್ನು ಗುರುನಾಥ ಅಂದೇ ಮೊದಲು ಕಂಡದ್ದು. ಅದಕ್ಕಿಂತ ಹೆಚ್ಚಾಗಿ ಅವನನ್ನು ಕಾಡಿದ್ದು ಮೊಣಕಾಲು. ಮೆಟ್ಟಿಲು ನಲವತ್ತರ ಬದಲು ನಾನೂರು ಇದ್ದರೆ ಏನು ಗತಿ?

ಶುಕ್ರವಾರ ಬೆಳಿಗ್ಗೆ ಸೋಯಾಬೀನಿಗೆ ಹೊಡೆಯುವ ಔಷಧ ತರುತ್ತೇನೆಂದು ಹೇಳಿ ಹೊರಟ. ಉಮರ್ಗಾದ ಬಸ್ಸು ನಿಲ್ಲುವ ಕಡೆ ಸ್ವಲ್ಪ ಹೊತ್ತು ನಿಂತು, ಪರಿಚಯದವರು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ರಸ್ತೆ ದಾಟಿ ನಳದುರ್ಗದ ಮೇಲೆ ಹೋಗುವ ಸೊಲ್ಲಾಪುರದ ಬಸ್ಸು ಹತ್ತಿದ. ಯೆಣೆಗೂರಿನಲ್ಲಿ ಬಸ್ಸು ನಿಂತಾಗ ಕಿಟಕಿಯ ಹೊರಗೇ ಮನೋಜನ ಆಟೋ. ಗುರುನಾಥ ಟವೆಲು ತಲೆಗೆ ಹಾಕಿಕೊಂಡು ಸೀಟಿನ ಕೆಳಗೆ ಬಗ್ಗಿದ. ಪಕ್ಕದಲ್ಲಿ ಕುಳಿತ ಹೆಂಗಸು ಏನು ಬಿತ್ತೆಂದು ಕೇಳಿದಳು. ಅಂಗಿಯ ಗುಂಡಿ ಎಂದ. ಪಾಪ, ಅವಳೂ ಬಗ್ಗಿ ಹುಡುಕತೊಡಗಿದಳು. ನಳದುರ್ಗ ಬರುವವರೆಗೂ ಅವಳು ಹುಡುಕುವುದನ್ನು ಬಿಡಲಿಲ್ಲ.

ಕೋಟೆಯೊಳಗೆ ಬಹಳ ದೂರ ನಡೆಯಬೇಕಿತ್ತು. ಅದನ್ನು ಗೆಳೆಯರು ಹೇಳಿರಲಿಲ್ಲ. ಮೆಟ್ಟಿಲು ಸಿಕ್ಕ ಕೂಡಲೇ ಬಾಯಲ್ಲೇ ಎಣಿಸುತ್ತ ಇಳಿದ. ಮೂವತ್ತರ ಹತ್ತಿರ ಬಂದಾಗ ಕಾಲ ಕೆಳಗಿನ ಕಲ್ಲು ನಡುಗಿದಂತಾಯಿತು, ಮೋರೆಗೆ ತಣ್ಣನೆಯ ಗಾಳಿ ಬಡಿಯಿತು, ಎಣಿಕೆ ತಪ್ಪಿಹೋಯಿತು. ತಿರುಗಿ ನೋಡಿದರೆ ನೀರು.

ಎರಡು ಧಾರೆಗಳೂ ಒಡ್ಡಿನ ತಲೆಯಿಂದ ಒಂದೇ ಸಮನೆ ಬೀಳುತ್ತಿದ್ದವು. ಕೆಂಪು ಮಣ್ಣು ಕಲೆಸಿದ ನೀರು ಬೀಳುತ್ತ ಬೀಳುತ್ತ ಬೆಳ್ಳಗಾಗುತ್ತಿತ್ತು. ಇಷ್ಟು ವರ್ಷ ತಾನು ಹೇಳಿದ್ದರಲ್ಲಿ ಆ ಸದ್ದು ಎಲ್ಲಿಯೂ ಇರಲಿಲ್ಲ ಎಂದು ಅವನಿಗೆ ಹೊಳೆಯಿತು. ಆಮೇಲೆ ತನಗೆ ಅರಿವಿಲ್ಲದೆಯೇ ಹುಣಸೆಮರ ಹುಡುಕಿದ. ಆ ಕಡೆ ನೋಡಿದ, ಈ ಕಡೆ ನೋಡಿದ, ಕಡಿದುಹಾಕಿರಬಹುದೇ ಎಂದೂ ಅಂದುಕೊಂಡ. ಮರವನ್ನು ನೆಟ್ಟವನು ತಾನೇ ಎಂಬುದು ನೆನಪಾಗಿ ನಗು ಬಂತು.

ನಗು ಬಹಳ ಹೊತ್ತು ಉಳಿಯಲಿಲ್ಲ. ಮನೆಯಿಂದ ಒಂದು ತಾಸಿನ ದಾರಿ. ಒಂದು ಮಾತಿನ ಮಾನ ಉಳಿಸಿಕೊಳ್ಳಲು ಹೋಗಿ ಆಕೆಗೆ ಇದನ್ನು ಇಪ್ಪತ್ತೆಂಟು ಮಳೆಗಾಲ ತಪ್ಪಿಸಿದ್ದೆನಲ್ಲ ಎಂದು ಸಂಕಟವಾಯಿತು. ಮತ್ತೆ ಮೆಟ್ಟಿಲು ಎಣಿಸಿದ. ಏರುವಾಗ ಒಂದು ಲೆಕ್ಕ, ಇಳಿಯುವಾಗ ಇನ್ನೊಂದು. ಮೂರನೆಯ ಸಲ ಏರತೊಡಗಿದಾಗ ಕಾವಲುಗಾರ ಸೀಟಿ ಊದಿ ತಡೆದ. ಗುರುನಾಥ ಹೆಂಡತಿಯ ಮೊಣಕಾಲಿನ ವಿಷಯ ಹೇಳಿದ. ಅಂಥವರು ಇಳಿಯುವುದೇ ಬೇಡ, ಮೇಲಿನ ಗೋಡೆಯ ಹತ್ತಿರ ಕುಳಿತರೂ ಎಲ್ಲ ಕಾಣುತ್ತದೆ ಎಂದು ಕಾವಲುಗಾರ ಜಾಗ ತೋರಿಸಿದ.

ಮರುದಿನ ಅನುಸೂಯಾ ಬುತ್ತಿಗೆಂದು ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಗುರುನಾಥ ಒಲೆಯ ಹತ್ತಿರ ಬಂದು ಕುಳಿತ. ಅವನು ಅಡುಗೆಮನೆಯಲ್ಲಿ ಕೂರುವ ಮನುಷ್ಯನಲ್ಲ. ಔಷಧ ಯಾಕೆ ತರಲಿಲ್ಲ ಎಂದು ಅವಳು ನಿನ್ನೆಯಿಂದ ಕೇಳಿರಲಿಲ್ಲ, ಈಗಲೂ ಕೇಳಲಿಲ್ಲ.

"ಒಂದ ಮಾತ ಹೇಳ್ಬೇಕಾಗ್ಯಾದ. ಆ ನಳದುರ್ಗದ ಧಬಧಬಾ ನಾ ನಿನ್ನಿ ತನಕಾ ನೋಡಿದ್ದೇ ಇಲ್ಲ."

ಅನುಸೂಯಾ ತವೆಯ ಮೇಲಿನ ರೊಟ್ಟಿಗೆ ನೀರು ಸವರಿದಳು. "ನಂಗ ಗೊತ್ತದ," ಎಂದಳು.

ಮದುವೆಯಾದ ಎರಡನೆಯ ವರ್ಷವೇ ಅವಳಿಗೆ ಗೊತ್ತಾಗಿತ್ತು. ಅವಳ ಅಣ್ಣ ಶ್ರೀಮಂತ ಎಂಬವನು ಅವಳನ್ನು ಸೊಲ್ಲಾಪುರದ ಸೋದರತ್ತೆಯ ಮನೆಗೆ ಕರೆದೊಯ್ಯುವಾಗ ನಡುವೆ ನಳದುರ್ಗದಲ್ಲಿ ಇಳಿಸಿದ್ದ. ಅಂದೂ ನೀರು ಹೀಗೆಯೇ ಧುಮುಕುತ್ತಿತ್ತು.

"ನಾ ನೀರ ನೋಡೂದು ಬಿಟ್ಟು ನಿಮ್ಮ ಹುಣಸಿಗಿಡಾ ಹುಡುಕಿನಿ. ಅಣ್ಣಾಗೂ ಹುಡುಕ್ಲಿಕ್ಕ ಹಚ್ಚಿನಿ. ಅಂವಾ ಕೋಟಿ ಎಲ್ಲಾ ತಿರುಗಿ ಬಂದಾ."

ಗುರುನಾಥ, ಮತ್ತೆ ಇಷ್ಟು ವರ್ಷ ಸುಮ್ಮನೆ ಯಾಕಿದ್ದೆ ಎಂದು ಕೇಳಿದ.

"ಛಂದ ಹೇಳ್ತಿದ್ರಿ, ಕೇಳ್ತಿದ್ದೆ. ಈ ವರ್ಷ ಕತಿಯೊಳಗ ಮಂಗ್ಯಾನೂ ತಂದ್ರಿ." ಅವಳು ರೊಟ್ಟಿ ತಿರುವಿ ಹಾಕಿದಳು. "ಒಂದ್ಸಲಾ ಆದ್ರೂ ನೀವೇ ಕರಕೊಂಡ ಹೋಗ್ತೀರಿ ಅಂತಿದ್ದೆ. ಅದೊಂದಕ್ಕ ಸಿಟ್ಟಿತ್ತು."

ಗುರುನಾಥ ಹಿಟ್ಟಿನ ಡಬ್ಬಿಯನ್ನು ಅವಳ ಕೈಗೆ ಹತ್ತಿರ ಸರಿಸಿದ, ಒಲೆಯೊಳಗೆ ಕಟ್ಟಿಗೆ ತಳ್ಳಿದ. ಅವಳು ರೊಟ್ಟಿ ಮುಗಿಸಿ ಕೈ ತೊಳೆಯುವವರೆಗೂ ಅಲ್ಲಿಯೇ ಕುಳಿತಿದ್ದ. ಆಮೇಲೆ ಹೊರಗೆ ಬಂದು ಸೊಸೆಯ ಮುಂದೆಯೂ ತಾನಾಗಿ ಒಪ್ಪಿಕೊಂಡ. ಸ್ವಪ್ನಾಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಹಳೆಯ ಎರಡು ಪುಟಗಳನ್ನು ಹೊಡೆದುಹಾಕಿ, ನಿನ್ನೆ ಕಂಡದ್ದನ್ನು ಮೊದಲಿಂದ ಹೇಳಿರೆಂದಳು. ಈ ಸಲ ಅರ್ಧ ಪುಟ ಮಾತ್ರ ತುಂಬಿತು.

ಭಾನುವಾರ ಮನೋಜನ ಆಟೋದಲ್ಲಿ ನಾಲ್ವರೂ ಹೋದರು. ಎರಡು ದಿನದಲ್ಲಿ ನೀರು ಇಳಿದು ಒಂದು ಧಾರೆ ಸಣ್ಣಗಾಗಿತ್ತು. ಜನ ಮಾತ್ರ ಜಾತ್ರೆಯಷ್ಟು. ಎಲ್ಲರೂ ನೀರಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ವಿಡಿಯೊದಲ್ಲಿ ಕಂಡಷ್ಟು ಇಲ್ಲವಲ್ಲ ಎಂದು ಸ್ವಪ್ನಾಲಿ ಮುಖ ಸಣ್ಣದು ಮಾಡಿದಳು. ಗುರುನಾಥ ಅನುಸೂಯಾಳನ್ನು ಕೈ ಹಿಡಿದು ಮೇಲಿನ ಗೋಡೆಯ ಹತ್ತಿರ ಕೂರಿಸಿದ. ಊರಲ್ಲಿ ಅವನು ಎಂದೂ ಹಾಗೆ ಕೈ ಹಿಡಿದವನಲ್ಲ. ಇಲ್ಲಿ ಗದ್ದಲದಲ್ಲಿ ಯಾರೂ ನೋಡಲಿಲ್ಲ, ಸೊಸೆಯೊಬ್ಬಳನ್ನು ಬಿಟ್ಟು. ಅನುಸೂಯಾ ಬಹಳ ಹೊತ್ತು ನೀರು ನೋಡಿದಳು. ಎದ್ದು ಹೋಗೋಣವೇ ಎಂದು ಮನೋಜ ಎರಡು ಸಲ ಕೇಳಿದರೂ ಅವಳಿಗೆ ಕೇಳಿಸಲಿಲ್ಲ, ಅಥವಾ ಕೇಳಿಸದಂತೆ ಇದ್ದಳು.

ಬರುವಾಗ ಮಳೆ ಹಿಡಿಯಿತು. ಯೆಣೆಗೂರಿನ ಧಾಬಾದ ಮುಂದೆ ಮನೋಜ ಆಟೋ ನಿಲ್ಲಿಸಿ ಚಹಾ ತಂದ. ಅಷ್ಟರಲ್ಲಿ ಅನುಸೂಯಾ ಗಂಡನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಅವಳಿಗೆ ಎಚ್ಚರವಾದೀತೆಂದು ಗುರುನಾಥ ಕಪ್ಪಿಗೆ ಕೈ ಎತ್ತಲಿಲ್ಲ. ತನ್ನ ಕಪ್ಪನ್ನೂ ನೀನೇ ಕುಡಿ ಎಂದು ಸೊಸೆಗೆ ಕಣ್ಣಿನಲ್ಲೇ ಹೇಳಿದ.