ತುರಿಕೆಯ ಕುದುರೆ

ಕುದುರೆ ನೋಡಲು ಐಗಳಿ ಊರಿಗೆ ಹೊರಡುವ ಮೊದಲೇ ಸುಂದರಾಗೆ ಸಾಕಾಗಿಹೋಗಿತ್ತು. ಏಕಸಂಬಿಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುವ ಮನೆ ಅವರದು. ಬೇಸಿಗೆಯಲ್ಲಿ ಮುದಿ ಕುದುರೆ ಸತ್ತಿತು. ಅದರ ಹಿಂದೆಯೇ, ಎರಡು ವರ್ಷ ಹಾಸಿಗೆ ಹಿಡಿದಿದ್ದ ಮಾವನೂ ತೀರಿಕೊಂಡ. ಆಗಿನಿಂದ ಗಂಡ ರಾವಸಾಹೇಬ ಊರೂರು ತಿರುಗಿ ಕುದುರೆ ನೋಡುತ್ತಿದ್ದ. ಒಂದು ಒದೆಯುತ್ತಿತ್ತು, ಇನ್ನೊಂದು ಬ್ಯಾಂಡಿನ ಸದ್ದಿಗೆ ಬೆದರುತ್ತಿತ್ತು. ಈ ಸಲ ಹೆಂಡತಿಯನ್ನೂ ಗಾಡಿಯ ಹಿಂದೆ ಕೂರಿಸಿಕೊಂಡು ಬಂದಿದ್ದ.

ಮಾರುವವನು ಭೀಮಸಿ. ಬೇವಿನ ಮರದಡಿ ಕಟ್ಟಿ, ಕುತ್ತಿಗೆಯಿಂದ ಬಾಲದವರೆಗೆ ಬಟ್ಟೆ ಹೊದಿಸಿದ್ದ ಅವನ ಬಿಳಿ ಕುದುರೆ ನೋಡಲು ಲಕ್ಷಣವಾಗಿತ್ತು. ಅವನು ಮೊಬೈಲಿನಲ್ಲಿ ಹಲಗೆ ಬಾರಿಸುವ ಸದ್ದು ಜೋರಾಗಿ ಹಚ್ಚಿ ಅದರ ಕಿವಿಯ ಹತ್ತಿರ ಹಿಡಿದ. ಕುದುರೆ ರೆಪ್ಪೆ ಕೂಡ ಬಡಿಯಲಿಲ್ಲ. ರಾವಸಾಹೇಬನ ಮುಖ ಅರಳಿತು.

"ಮೈಮ್ಯಾಲಿನ ಝೂಲಾ ತಗೀರಿ," ಅಂದಳು ಸುಂದರಾ.

"ಥಂಡಿ ಅಂತ ಹಾಕೀನ್ರಿ ಅಕ್ಕಾರ."

ಮಳೆ ಬಿಡುವು ಕೊಟ್ಟಿತ್ತು, ಬಿಸಿಲು ನೆತ್ತಿ ಸುಡುತ್ತಿತ್ತು. ಅವಳು ಅಲ್ಲಿಂದ ಕದಲಲಿಲ್ಲ. ಕೊನೆಗೆ ಭೀಮಸಿ ಝೂಲ ಎಳೆದ. ಕುತ್ತಿಗೆಯ ಮೇಲೆ ಕೂದಲೇ ಇರಲಿಲ್ಲ, ಬರೀ ಹಕ್ಕಳೆ. ಬಾಲದ ಬುಡ ತಿಕ್ಕಿ ತಿಕ್ಕಿ ಕೆಂಪಾಗಿತ್ತು. ಹುಣ್ಣು, ಮುಲಾಮು ಎರಡೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸುಂದರಾ ಮೂಗಿಗೆ ಸೆರಗು ಹಿಡಿದು ಮರದ ಕಟ್ಟೆಯ ಮೇಲೆ ಕುಳಿತಳು.

ರಾವಸಾಹೇಬ ಫೋನು ಮಾಡಿ ದನದ ಡಾಕ್ಟರು ಪೂನಮ್ ಅವರನ್ನು ಕರೆಸಿದ. ಆಕೆ ಚರ್ಮ ಬಿಡಿಸಿ ಬಿಡಿಸಿ ನೋಡಿ, "ಅಂಟೂ ರೋಗ ಅಲ್ರಿ ಇದು. ನುಸಿ ಕಡದ್ರ ಈ ಕುದುರಿಗಿ ಆಗಂಗಿಲ್ಲ. ಮಳಿಗಾಲ ಬಂತಂದ್ರ ತುರಿಕಿ ಚಾಲೂ ಆಗತೈತಿ," ಅಂದರು.

"ಪೂರಾ ಕಡಿಮಿ ಆಗೂದಿಲ್ಲೇನ್ರಿ?" ರಾವಸಾಹೇಬ ಕೇಳಿದ.

"ಇಲ್ರಿ, ವರ್ಷಾ ಬರೂದ. ದಿನಾ ತೊಳದು ಔಷಧ ಹಚ್ಚಬೇಕು. ಹೊತ್ತು ಮುಳುಗೂದ್ರಾಗ ಒಳಗ ಕಟ್ಟಿ ಫ್ಯಾನ್ ಹಾಕಬೇಕು. ಥಂಡಿ ಬಿತ್ತಂದ್ರ ಕೂದಲಾ ಮತ್ತ ಬರತಾವ."

"ಮೊದಲ ಹೇಳಿದ್ರ ಯಾರೂ ನೋಡಾಕ ಬರಂಗಿಲ್ರಿ," ಎಂದು ಭೀಮಸಿ ನೆಲ ನೋಡಿದ.

ಡಾಕ್ಟರು ಹೋದ ಮೇಲೆ ರಾವಸಾಹೇಬ ಭೀಮಸಿಯ ಮುಂದೆ ಲೆಕ್ಕ ಹಾಕಿದ. "ತುಳಸಿ ಲಗ್ನ ಆದಮ್ಯಾಗ ಅಲ್ಲಾ ಮದಿವಿ ಸೀಜನ್? ಅಷ್ಟರಾಗ ಕೂದಲಾ ಬಂದಿರತಾವ. ಔಷಧದ ಚಿಂತಿಲ್ಲ, ಸುಂದರಾ ಅದಾಳ. ನಮ್ಮಪ್ಪನ್ನ ಎರಡ ವರ್ಷ ಹೆಂಗ ಸಂಭಾಳಿಸಿದ್ಲು ಅಂತೀರಿ!"

ಅವನು ಹೊಗಳಿಯೇ ಹೇಳಿದ್ದು. ಮಾವ ಸತ್ತ ದಿನ ಬಂದವರೆಲ್ಲ ಇದೇ ಮಾತಾಡಿದ್ದರು. ಆ ಎರಡು ವರ್ಷವೂ ರಾವಸಾಹೇಬ ಬಾಗಿಲಲ್ಲಿ ನಿಂತು, "ಹೆಂಗ ಅದಾನ?" ಎಂದು ಕೇಳಿ ಹೋಗುತ್ತಿದ್ದ. ಅಪ್ಪನ ಬೆನ್ನಿನ ಹುಣ್ಣಿಗೆ ಒಂದು ದಿನವೂ ಕೈ ಹಚ್ಚಿರಲಿಲ್ಲ.

"ಕುದುರಿ ಛಲೋ ಐತಿ, ತಗೋರಿ," ಅಂದಳು ಸುಂದರಾ. "ಆದ್ರ ಔಷಧ ನಾ ಹಚ್ಚಂಗಿಲ್ಲ."

"ಅಂದ್ರ?"

"ನನ್ನ ಕೈಲೆ ಆಗೂದಿಲ್ರಿ ಇನ್ನ. ನೀವು ಹಚ್ಚತೀರಂದ್ರ ತಗೋರಿ. ಇಲ್ಲಂದ್ರ ನಡೀರಿ, ಮನಿಗಿ ಹೋಗೂಣು."

ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೆ ಬೇಕಾದ ತ್ರಾಣವೂ ಅವಳಲ್ಲಿರಲಿಲ್ಲ. ಕುದುರೆ ಕುತ್ತಿಗೆಯನ್ನು ಮರಕ್ಕೆ ತಿಕ್ಕತೊಡಗಿತು. ರಾವಸಾಹೇಬ ಹತ್ತಿರ ಹೋಗಿ ಹಕ್ಕಳೆ ಮುಟ್ಟಿದ, ತಟ್ಟನೆ ಕೈ ಹಿಂದೆಳೆದು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಮತ್ತೆ ಕೈಯಿಟ್ಟ.

"ಹಚ್ಚತೇನಿ."

ಅವಳು ನಂಬಲಿಲ್ಲ.

ಮರುದಿನ ಟೆಂಪೋದಲ್ಲಿ ಕುದುರೆ ಬಂತು. ಸಂಜೆ ಸುಂದರಾ ಚಾಪೆಯ ಮೇಲೆ ಅಡ್ಡಾದಳು. ಹೊರಗಿನಿಂದ ಕೂಗು ಬಂತು: "ಮದಲ ತೊಳಿಯೂದೋ, ಔಷಧ ಹಚ್ಚೂದೋ?"

"ತೊಳೀರಿ."

ನೀರು ಸುರಿದ ಸದ್ದು, ಗೊರಸು ಬಡಿದ ಸದ್ದು, ಗಂಡನ ಬೈಗುಳ. ಆಮೇಲೆ ಮೆತ್ತಗೆ, "ನಿಂದರವಾ, ಆತು, ಆತು..." ಸ್ವಲ್ಪ ಹೊತ್ತಿಗೆ ಅವನು ಮುಲಾಮು ಮೆತ್ತಿದ ಕೈಯಲ್ಲೇ ಬಂದು ಹೊಸ್ತಿಲ ಮೇಲೆ ಕುಳಿತ.

"ಮುಟ್ಟಿದ್ರ ಮೈಯೆಲ್ಲಾ ನಡಗಸತೈತಿ. ಅಪ್ಪಗೂ ಹಿಂಗ ಆಗತಿತ್ತೇನ?"

"ಆಗತಿತ್ರಿ."

ಅವನು ತನ್ನ ಕೈಗಳನ್ನೇ ನೋಡುತ್ತ ಕುಳಿತ. ಸುಂದರಾ ಏಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಬಾಲದ ಬುಡಕ್ಕ ಹಚ್ಚೀರೇನು?"

"ಇಲ್ಲ."

ಅವನು ಎದ್ದು ಮತ್ತೆ ಹೊರಗೆ ಹೋದ. ಅವಳು ಗೋಡೆಯ ಕಡೆ ಹೊರಳಿದಳು. ಮನೆಯಲ್ಲಿ ದೀಪ ಹಚ್ಚುವ ಮೊದಲೇ ನಿದ್ದೆ ಹತ್ತಿತು.