ಬೆಟ್ಟದ ನೆತ್ತಿಯಲ್ಲಿ ತಪ್ಪಿದ ಎಣಿಕೆ

ತಮ್ಮ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ನಾನು ಮೆಟ್ಟಿಲ ಮೇಲೆ ಕೂತು ಹಳೆಯ ಅಳತೆ ಸರಪಳಿಗೆ ಎಣ್ಣೆ ಸವರುತ್ತಿದ್ದೆ. ಮೂವತ್ತಾರು ವರ್ಷ ಜಮೀನು ಅಳೆದ ಕೈ, ನಿವೃತ್ತಿಯಾದರೂ ಸುಮ್ಮನಿರದು. ಫೋನಿನಲ್ಲಿ ಅವನ ಹೆಂಡತಿ, “ಭಾವ, ಅವರು ಹೋಗ್ಬಿಟ್ರು, ನಿದ್ದೇಲೇ” ಎಂದಳು.

ಅವನು ಮಕ್ಕಳ ಆಸ್ಪತ್ರೆಯ ಆಂಬುಲೆನ್ಸ್ ಚಾಲಕ. ಆಸ್ಪತ್ರೆಯ ನೆರವಿಗಾಗಿ ಪ್ರತಿವರ್ಷ ನಡೆಯುವ ಐದು ದಿನಗಳ ಬೆಟ್ಟದ ನಡಿಗೆಯನ್ನು ತಪ್ಪಿಸಿದವನಲ್ಲ. “ಒಂದ್ಸಲ ಬಾರೋ ಅಣ್ಣಾ” ಎಂದು ಕರೆಯುತ್ತಿದ್ದ. ನಾನು ಹೋಗಲಿಲ್ಲ. ಈ ವರ್ಷ ಅವನ ಬದಲು ನಾನು ಹೊರಟೆ. ಹೆಜ್ಜೆಗೊಂದು ದೇವರ ಹೆಸರು, ಎಣಿಕೆ ಎಲ್ಲಿಯೂ ತಪ್ಪಬಾರದು ಎಂದು ಹರಕೆ ಹೊತ್ತೆ. ತಪ್ಪಿದರೆ ಪುಣ್ಯ ಅವನಿಗೆ ಮುಟ್ಟದೆಂದು ನಂಬಿದ್ದೆ.

ಅವನ ಹೆಂಡತಿ ಅದೇ ಆಸ್ಪತ್ರೆಯ ನರ್ಸು. ಅವಳೂ ಜೊತೆಗೆ ನಡೆದಳು. ನಮ್ಮ ಕಸುಬಿನ ರೂಢಿಯಂತೆ ನಾನು ಸಾವಿರ ಹೆಜ್ಜೆಗೊಂದು ಕಲ್ಲು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಎರಡನೆಯ ದಿನ ಜೋತುಬಿದ್ದ ಜೇಬು ನೋಡಿ ಅವಳು, “ಬೆಟ್ಟಾನೇ ಮನೆಗೆ ಸಾಗಿಸ್ತೀರಾ ಭಾವ?” ಎಂದಳು. ಎಣಿಕೆ ಕೆಡಬಾರದೆಂದು ನಾನು ಬರೀ ತಲೆಯಾಡಿಸಿದೆ.

ಮೂರನೆಯ ದಿನ ಮಧ್ಯಾಹ್ನ ನೆತ್ತಿ ಮುಟ್ಟಿದೆವು. ಮಂಜು ಸರಿಯಿತು. ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು, ಆಮೇಲೆ ಬೆಟ್ಟವೋ ಆಕಾಶವೋ ತಿಳಿಯದ ನೀಲಿ. ಒಂದೇ ಮೋಡದ ನೆರಳು ಇಡೀ ಕಣಿವೆಯನ್ನು ನಿಧಾನವಾಗಿ ದಾಟುತ್ತಿತ್ತು. ಹದ್ದೊಂದು ನನ್ನ ಕಾಲಕೆಳಗೆ ತೇಲುತ್ತಿತ್ತು. ಹಾರುವ ಹದ್ದಿನ ಬೆನ್ನನ್ನು ನಾನು ನೋಡಿದ್ದು ಅದೇ ಮೊದಲು.

ಆರುನೂರ ನಲವತ್ತೋ, ಏಳುನೂರೋ? ಎಣಿಕೆ ಹೋಗಿತ್ತು.

ಎಣಿಕೆ ತಪ್ಪಿದರೆ ಹಿಂದಿನ ಗುರುತಿಗೆ ಮರಳಬೇಕು, ಅದು ನಮ್ಮ ಕಸುಬಿನ ನಿಯಮ. ಕೊನೆಯ ಕಲ್ಲು ಹೆಕ್ಕಿದ ಕಡೆಗೆ ಇಳಿಯತೊಡಗಿದೆ.

“ಎಲ್ಲಿಗೆ ಭಾವ? ದಾರಿ ಆ ಕಡೆ.”

“ಎಣಿಕೆ ತಪ್ತು. ಮತ್ತೆ ಹತ್ಬೇಕು.”

“ಐದು ಗಂಟೆಯೊಳಗೆ ಆ ಕಡೆ ಇಳೀದಿದ್ರೆ ನಡಿಗೆ ನಡೆಸೋರು ವ್ಯಾನ್ ಹತ್ತಿಸ್ತಾರೆ. ಅಲ್ಲಿಗೆ ನಡಿಗೆ ಮುಗೀತು.”

ಆದರೂ ಅವಳು ನನ್ನ ಜೊತೆಗೇ ಇಳಿದು ಹತ್ತಿದಳು. ಈ ಬಾರಿ ನೆಲ ಬಿಟ್ಟು ಬೇರೇನೂ ನೋಡಬಾರದೆಂದುಕೊಂಡಿದ್ದೆ. ನೆತ್ತಿಯಲ್ಲಿ ಕಣ್ಣು ತಾನಾಗಿ ಮೇಲೆದ್ದಿತು. ಮತ್ತೆ ತಪ್ಪಿತು. ಮತ್ತೊಮ್ಮೆ ಇಳಿಯಲು ಹಿಂದಕ್ಕೆ ತಿರುಗಿದೆ.

ಅವಳು ಬಂಡೆಯ ಮೇಲೆ ಕೂತುಬಿಟ್ಟಳು. “ನಿಮ್ಮ ತಮ್ಮ ಇಲ್ಲಿ ನಿಂತು ಏನ್ ಹೇಳ್ತಿದ್ರು ಗೊತ್ತಾ ಭಾವ? ಏನೂ ಇಲ್ಲ. ಆ ವಟವಟ ಬಾಯಿ ಮುಚ್ತಾ ಇದ್ದಿದ್ದು ಇದೊಂದೇ ಜಾಗದಲ್ಲಿ.” ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ನಾನು ಅವಳ ಪಕ್ಕದಲ್ಲಿ ನಿಂತು ಮತ್ತೆ ನೋಡಿದೆ. ಇಷ್ಟನ್ನೂ ಅಳತೆಯಿಲ್ಲದೆ ಹರಡಿಟ್ಟವನು ನನ್ನ ಹೆಜ್ಜೆಗೆ ಲೆಕ್ಕ ಕೇಳಿಯಾನೇ? ಆತನನ್ನು ನಾನು ಕಚೇರಿಯ ಗುಮಾಸ್ತನೆಂದು ತಿಳಿದಿದ್ದೆನೇನೋ. ನಾಚಿಕೆಯಾಯಿತು. ಅವಳ ಕೈ ಹಿಡಿದು ಎಬ್ಬಿಸಿ, ಆ ಕಡೆಯ ಇಳಿಜಾರಿಗೆ ಎಣಿಸದೆ ಕಾಲಿಟ್ಟೆ.

ಸ್ವಾಮೀ, ಊರವರ ಮಕ್ಕಳನ್ನು ಹೊತ್ತು ತಿರುಗಿ ದಣಿದವನು ನನ್ನ ತಮ್ಮ. ಅವನನ್ನು ನಿನ್ನ ಬಳಿ ಕೂರಿಸಿಕೋ. ಅವನ ಆತ್ಮಕ್ಕೆ ಶಾಂತಿ ಕೊಡು.